ನೀರು ತುಂಬಿ ಎಪ್ಪತ್ತೊಂದು ದಿನ: ಗಿಡದ ಅಕ್ವೇರಿಯಂ ನೆಲೆಗೆ ನಿಂತ ಬಗೆ

ಈ ತೊಟ್ಟಿಗೆ ನೀರು ತುಂಬಿ ಇವತ್ತಿಗೆ 71 ದಿನ. ಹಿಂಬದಿಯ ಗಿಡಗಳು ನೀರಿನ ಮೇಲ್ಮೈ ಮುಟ್ಟಿವೆ, ಎಂಟು ಹಾರ್ಲೆಕ್ವಿನ್ ರಾಸ್ಬೋರಾ ಮೀನುಗಳು ಅವುಗಳ ನಡುವೆ ಗುಂಪಾಗಿ ಓಡಾಡುತ್ತಿವೆ, ಮೀನಿಗೆ ವಿಷವಾಗುವ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಮೊದಲ 40 ದಿನ ಇದರಲ್ಲಿ ಒಂದು ಮೀನೂ ಇರಲಿಲ್ಲ. ಹೊಸದಾಗಿ ಶುರು ಮಾಡುವವರು ಕೈಚೆಲ್ಲುವುದು ಈ ಅವಧಿಯಲ್ಲೇ. ಎಲೆ ಕರಗುತ್ತದೆ, ನೀರು ಮಬ್ಬಾಗುತ್ತದೆ, ಗಾಜಿಗೆ ಕಂದು ಧೂಳು ಹತ್ತುತ್ತದೆ, ನೀರಿನ ಪರೀಕ್ಷೆಯ ಬಣ್ಣ ವಾರಗಟ್ಟಲೆ ಕದಲುವುದಿಲ್ಲ. ಒಂದೊಂದು ತೊಂದರೆಯೂ ಇಂಥ ವಾರದಲ್ಲಿ, ಇಂಥ ಕಾರಣಕ್ಕೆ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಅದಕ್ಕೇ ತೊಟ್ಟಿಯ ಪಕ್ಕದಲ್ಲಿಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಂಡ ಅಂಕಿಗಳನ್ನು ನೋಡಿಕೊಂಡು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ.

ತೊಟ್ಟಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರ, ಗಾಜು 6 ಮಿ.ಮೀ. ದಪ್ಪ. ಹೊರ ಅಳತೆಯಿಂದ ಗುಣಿಸಿದರೆ ಸುಮಾರು 65 ಲೀಟರ್ ಬರುತ್ತದೆ. ಆದರೆ ಗಾಜಿನ ದಪ್ಪ, ಮರಳು, ಮರದ ತುಂಡು, ಮೇಲೆ ಬಿಟ್ಟ ಎರಡು ಬೆರಳು ಜಾಗ ಎಲ್ಲ ಕಳೆದು ಒಳಗೆ ಹಿಡಿದ ನೀರು 50 ಲೀಟರ್. ಇದನ್ನು ತಿಳಿಯುವ ನಿಜವಾದ ದಾರಿ ಒಂದೇ: ಮೊದಲ ಸಲ ತುಂಬುವಾಗ ಬಕೆಟ್ ಲೆಕ್ಕ ಇಡುವುದು. ಮುಂದೆ ಗೊಬ್ಬರ, ಔಷಧ, ಸೋಡಾ ಯಾವುದನ್ನು ಹಾಕಬೇಕಾದರೂ ಈ ಒಂದು ಅಂಕಿಯ ಮೇಲೆಯೇ ಲೆಕ್ಕ ಹಾಕಬೇಕು. 65 ಎಂದು ತಿಳಿದು ಹಾಕಿದರೆ ಪ್ರತಿ ಸಲವೂ ಶೇಕಡಾ 30ರಷ್ಟು ಹೆಚ್ಚು ಬೀಳುತ್ತದೆ.

ಇನ್ನೂ ಚಿಕ್ಕ ತೊಟ್ಟಿ ಸುಲಭ ಎಂದು ತೋರಬಹುದು. ನಿಜ ಅದರ ವಿರುದ್ಧ. 20 ಲೀಟರ್ ನೀರಿನಲ್ಲಿ ಒಂದು ಸತ್ತ ಬಸವನಹುಳು, ಒಂದು ಚಿಟಿಕೆ ಹೆಚ್ಚಾದ ಆಹಾರ ಸಾಕು, ರಾತ್ರಿ ಕಳೆಯುವಷ್ಟರಲ್ಲಿ ನೀರು ಕೆಡುತ್ತದೆ. ಮೊದಲ ತೊಟ್ಟಿಗೆ 50 ಲೀಟರ್‌ಗಿಂತ ಕಡಿಮೆ ಬೇಡ.

ಜಾಗ ಹುಡುಕುವಾಗ ತೂಕವನ್ನು ಮೊದಲು ಲೆಕ್ಕ ಹಾಕಿ. ನೀರು 50 ಕೆ.ಜಿ., ಮರಳು 14, ಗಾಜು 12, ಮೇಲೆ ಕಲ್ಲು ಮತ್ತು ಮರ. ಒಟ್ಟು 80 ಕೆ.ಜಿ. ಹತ್ತಿರ. ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ಓರೆ ಇದ್ದರೆ ಸ್ಟ್ಯಾಂಡಿನ ಕಾಲಿನ ಕೆಳಗೆ ಸರಿಪಡಿಸಬೇಕು, ತೊಟ್ಟಿಯ ಕೆಳಗಲ್ಲ. ತಳದಡಿ 5 ಮಿ.ಮೀ. ಫೋಮ್ ಹಾಸಿದರೆ ಚಿಕ್ಕ ಉಬ್ಬುತಗ್ಗುಗಳ ಒತ್ತಡ ಒಂದೇ ಬಿಂದುವಿನಲ್ಲಿ ಗಾಜಿಗೆ ಬೀಳುವುದಿಲ್ಲ. ನೇರ ಬಿಸಿಲು ಬೀಳುವ ಕಿಟಕಿ ಬೇಡ. ಎಲ್ಲ ವೈರುಗಳೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಆಮೇಲೆ ಮೇಲಕ್ಕೆ ಏರಿ ಸಾಕೆಟ್ ಸೇರುವ ಹಾಗಿರಬೇಕು. ವೈರಿನ ಗುಂಟ ಇಳಿಯುವ ನೀರಿನ ಹನಿ ಆ ತಗ್ಗಿನಲ್ಲಿ ಕೆಳಗೆ ಬೀಳುತ್ತದೆ, ಸಾಕೆಟ್ ತಲುಪುವುದಿಲ್ಲ.

ಹಣ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಒಂದು ಅಚ್ಚರಿ ಇತ್ತು. ಗಾಜಿನ ತೊಟ್ಟಿ ಖರ್ಚಿನಲ್ಲಿ ಚಿಕ್ಕ ಪಾಲು. ಲೈಟು, ಫಿಲ್ಟರ್, ಹನಿ ಹಾಕಿ ನೋಡುವ ಪರೀಕ್ಷಾ ಕಿಟ್, ಗಿಡಗಳು, ಈ ನಾಲ್ಕು ಸೇರಿದರೆ ತೊಟ್ಟಿಯನ್ನು ಮೀರುತ್ತವೆ. ಇದರಲ್ಲಿ ಕೈ ಬಿಗಿ ಹಿಡಿಯಬಾರದ್ದು ಕಿಟ್ ಮತ್ತು ಗಿಡ. ಅಲಂಕಾರದ ಕಲ್ಲು, ಹಿನ್ನೆಲೆಯ ಚಿತ್ರ, ಬಾಟಲಿಯಲ್ಲಿ ಬರುವ ಬಗೆಬಗೆಯ ದ್ರಾವಣಗಳನ್ನೆಲ್ಲ ಮುಂದೂಡಬಹುದು, ಅನೇಕವನ್ನು ಬಿಟ್ಟೇ ಬಿಡಬಹುದು.

ತಳಕ್ಕೆ ಹಾಕಿದ್ದು 1ರಿಂದ 2 ಮಿ.ಮೀ. ಗಾತ್ರದ ಸಾದಾ ಜಲ್ಲಿಮರಳು. ಮುಂದೆ 3 ಸೆಂ.ಮೀ., ಹಿಂದೆ 7 ಸೆಂ.ಮೀ., ಸರಾಸರಿ 5. 60×30×5 ಎಂದರೆ 9 ಲೀಟರ್, ತೂಕ ಸುಮಾರು 14 ಕೆ.ಜಿ. ತೊಳೆಯುವ ಮೊದಲು ಒಂದು ಹಿಡಿ ಮರಳಿಗೆ ವಿನೆಗರ್ ಸುರಿದು ನೋಡಬೇಕು. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ. ಅದು ತಿಂಗಳುಗಟ್ಟಲೆ ಕರಗುತ್ತ ನೀರನ್ನು ಗಡುಸು ಮಾಡುತ್ತಲೇ ಇರುತ್ತದೆ. ಕಲ್ಲುಗಳಿಗೂ ಇದೇ ಪರೀಕ್ಷೆ. ಸಾದಾ ಮರಳಿನಲ್ಲಿ ಗಿಡಕ್ಕೆ ಆಹಾರವಿಲ್ಲ, ಆದ್ದರಿಂದ 12 ಸೆಂ.ಮೀ. ಅಂತರಕ್ಕೊಂದರಂತೆ ಬೇರುಗೊಬ್ಬರದ ಗುಳಿಗೆಯನ್ನು ಮರಳಿನ ತಳದವರೆಗೂ ಒತ್ತಿದೆ. ಮೇಲೆ ಮೇಲೆ ಇಟ್ಟರೆ ಕರಗಿ ನೀರಿಗೆ ಬರುತ್ತದೆ, ಪಾಚಿಗೆ ಹಬ್ಬವಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸದು ಹಾಕಬೇಕು. ಅಕ್ವಾಸಾಯಿಲ್ ಎಂದು ಬರುವ ಸುಟ್ಟ ಮಣ್ಣಿನ ಹರಳು ಗಿಡಕ್ಕೆ ಇದಕ್ಕಿಂತ ಒಳ್ಳೆಯದು, ಆದರೆ ಮೊದಲ ವಾರಗಳಲ್ಲಿ ಅದೇ ಅಮೋನಿಯಾ ಬಿಡುತ್ತದೆ, ನೀರಿನ ಕ್ಷಾರ ಶಕ್ತಿಯನ್ನೂ ಎಳೆದುಕೊಳ್ಳುತ್ತದೆ. ಮೊದಲ ತೊಟ್ಟಿಯಲ್ಲಿ ಬದಲಾಗುವ ಸಂಗತಿಗಳು ಕಡಿಮೆ ಇದ್ದಷ್ಟೂ ತಪ್ಪಿನ ಮೂಲ ಹುಡುಕುವುದು ಸುಲಭ ಎಂದು ಸಾದಾ ಮರಳನ್ನೇ ಆರಿಸಿಕೊಂಡೆ.

ಫಿಲ್ಟರ್ ಗಂಟೆಗೆ ತೊಟ್ಟಿಯ ನೀರನ್ನು ಐದು ಸಲವಾದರೂ ಸುತ್ತಿಸಬೇಕು. 50 ಲೀಟರಿಗೆ 250. ಪೆಟ್ಟಿಗೆಯ ಮೇಲೆ ಬರೆದ ಅಂಕಿ ಖಾಲಿ ಫಿಲ್ಟರಿನದು. ಸ್ಪಾಂಜು ತುಂಬಿ, ಕೊಳೆ ಕಟ್ಟಿದ ಮೇಲೆ ಹರಿವು ಇಳಿಯುತ್ತದೆ. ಹಾಗಾಗಿ 350 ಲೀಟರಿನದು ತೆಗೆದುಕೊಳ್ಳುವುದು ಲೇಸು. ಜೊತೆಗೆ ಬಂದ ಇದ್ದಿಲಿನ ಚೀಲ ತೆಗೆದು ಅಲ್ಲಿಗೂ ಸ್ಪಾಂಜೇ ಹಾಕಿದೆ, ನೀರು ಎಳೆಯುವ ಕೊಳವೆಯ ಬಾಯಿಗೂ ಒಂದು ಸ್ಪಾಂಜು. ಬ್ಯಾಕ್ಟೀರಿಯಾ ಮನೆ ಮಾಡುವುದು ಅದರಲ್ಲಿಯೇ. ಹೀಟರ್ ಲೀಟರಿಗೆ ಒಂದು ವಾಟ್ ಲೆಕ್ಕದಲ್ಲಿ 50 ವಾಟಿನದು, 25 ಡಿಗ್ರಿಗೆ ಹೊಂದಿಸಿದ್ದು. ಲೈಟಿನ ಬಣ್ಣ 6500 ಕೆಲ್ವಿನ್ (ಹಗಲಿನಂಥ ಬಿಳಿ), ಪ್ರಖರತೆ 1,100 ಲ್ಯೂಮೆನ್. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದ ತೊಟ್ಟಿಗೆ ಲೀಟರಿಗೆ 20ರಿಂದ 25 ಲ್ಯೂಮೆನ್ ಸಾಕು. ಗಾಳಿಯಿಂದ ತಾನಾಗಿ ನೀರಿಗೆ ಕರಗುವ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಆಗುವುದಿಲ್ಲ. ಸಿಲಿಂಡರಿನಿಂದ ಕೊಡುವವರು ಅದನ್ನು 20ರಿಂದ 30ಕ್ಕೆ ಏರಿಸುತ್ತಾರೆ. ಅವರ ಲೈಟನ್ನು ನೋಡಿ ನಮ್ಮ ತೊಟ್ಟಿಗೂ ಅಷ್ಟೇ ಪ್ರಖರವಾದದ್ದು ತಂದರೆ, ಗಿಡ ಬಳಸಲಾಗದ ಬೆಳಕನ್ನು ಪಾಚಿ ಬಳಸಿಕೊಳ್ಳುತ್ತದೆ.

ಲೈಟಿಗೆ ಟೈಮರ್ ಕಡ್ಡಾಯ. ಮೊದಲ ದಿನದಿಂದ ಆರು ಗಂಟೆ ಮಾತ್ರ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಮರದ ತುಂಡನ್ನು ಹದಿನೈದು ದಿನ ಮುಂಚೆಯೇ ಬಕೆಟ್ಟಿನಲ್ಲಿ ಮುಳುಗಿಸಿ ಇಡಿ. ನೆನೆಯದ ಮರ ತೇಲುತ್ತದೆ, ಅದಕ್ಕೆ ಕಟ್ಟಿದ ಗಿಡವೂ ತೇಲುತ್ತದೆ. ನೆನೆಸಿದ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದು ಮರದ ಒಗರು, ಮೀನಿಗೆ ಅಪಾಯವಲ್ಲ, ಗಿಡಕ್ಕೆ ಬರುವ ಬೆಳಕನ್ನು ತುಸು ತಡೆಯುತ್ತದೆ ಅಷ್ಟೆ.

ಗಿಡಗಳಲ್ಲಿ ಆರಿಸಿಕೊಂಡದ್ದು ಹೈಗ್ರೋಫಿಲಾ ಪಾಲಿಸ್ಪರ್ಮಾ 20 ಕಡ್ಡಿ, ವ್ಯಾಲಿಸ್ನೇರಿಯಾ 10, ಕ್ರಿಪ್ಟೋಕೊರೈನ್ ವೆಂಟಿ 6, ಅನೂಬಿಯಾಸ್ ನಾನಾ 2, ಜಾವಾ ಫರ್ನ್ 2, ಮೇಲೆ ತೇಲಲು ಒಂದು ಹಿಡಿ ಹಾರ್ನ್‌ವರ್ಟ್. ಮೊದಲ ದಿನವೇ ಮರಳಿನ ಮೂರರಲ್ಲಿ ಎರಡು ಭಾಗ ಗಿಡದಿಂದ ಮುಚ್ಚಿರಬೇಕು. ನಾಲ್ಕು ಗಿಡ ನೆಟ್ಟು ಉಳಿದದ್ದು ತಾನಾಗಿ ಹಬ್ಬಲಿ ಎಂದರೆ, ಆ ನಡುವಿನ ಎರಡು ತಿಂಗಳು ತೊಟ್ಟಿ ಪಾಚಿಯದು. ಬೇಗ ಬೆಳೆಯುವ ಹೈಗ್ರೋಫಿಲಾ ಮತ್ತು ಹಾರ್ನ್‌ವರ್ಟ್ ಇಲ್ಲಿ ಅಂದಕ್ಕಲ್ಲ, ನೀರಿನ ಅಮೋನಿಯಾ ಹೀರುವುದಕ್ಕೆ.

ಗಿಡ ತಂದ ದಿನದ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಕುಂಡದಲ್ಲಿ ಬಂದ ಗಿಡದ ಬೇರಿಗೆ ರಾಕ್ ವುಲ್ ಎಂಬ ಹಳದಿ ಕಲ್ಲುಣ್ಣೆಯ ಉಂಡೆ ಸುತ್ತಿರುತ್ತದೆ. ಅದನ್ನು ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಿ ತೆಗೆಯಬೇಕು. ಉಳಿದರೆ ಮರಳಿನಿಂದ ಮೇಲೆದ್ದು ಫಿಲ್ಟರ್ ಸೇರುತ್ತದೆ. ಬೇರನ್ನು 3 ಸೆಂ.ಮೀ.ಗೆ ಕತ್ತರಿಸಿ, ಹಳದಿ ಎಲೆಗಳನ್ನು ಬುಡದಿಂದ ತೆಗೆದು, ಒಂದೊಂದೇ ಕಡ್ಡಿಯಾಗಿ ನೆಡಬೇಕು. ಐದಾರು ಕಡ್ಡಿ ಸೇರಿಸಿ ಕಟ್ಟಾಗಿ ನೆಟ್ಟರೆ ನಡುವಿನ ಕಡ್ಡಿಗಳು ಬೆಳಕಿಲ್ಲದೆ ಕೊಳೆಯುತ್ತವೆ. ಅನೂಬಿಯಾಸ್ ಮತ್ತು ಜಾವಾ ಫರ್ನಿನ ವಿಷಯ ಬೇರೆ. ಅವುಗಳಿಗೆ ಶುಂಠಿಯ ಹಾಗೆ ಅಡ್ಡ ಮಲಗಿದ ದಪ್ಪ ಕಾಂಡವಿದೆ, ಅದನ್ನು ಮರಳಿನಲ್ಲಿ ಹೂತರೆ ಕೊಳೆತು ಗಿಡವೇ ಹೋಗುತ್ತದೆ. ಮರದ ಮೇಲಿಟ್ಟು ಹತ್ತಿ ದಾರದಿಂದ ಕಟ್ಟಿ, ಇಲ್ಲವೇ ಜೆಲ್ ರೂಪದ ಸೂಪರ್‌ಗ್ಲೂ ಎರಡು ಚುಕ್ಕೆ ಹಾಕಿ ಒತ್ತಿ ಹಿಡಿಯಿರಿ. ಆ ಅಂಟು ನೀರು ತಗುಲಿದೊಡನೆ ಗಟ್ಟಿಯಾಗುತ್ತದೆ, ಮೀನಿಗೆ ತೊಂದರೆ ಇಲ್ಲ.

ಎಲೆಯಡಿ ಪಾರದರ್ಶಕ ಅಂಟಿನ ಚುಕ್ಕೆ ಕಂಡರೆ ಬಸವನಹುಳುವಿನ ಮೊಟ್ಟೆ. ಉಗುರಿನಿಂದ ಕೆರೆದು ತೆಗೆಯಿರಿ. ಮುಂದೆ ಸೀಗಡಿ ಬಿಡುವ ಆಸೆ ಇದ್ದವರು ಇನ್ನೊಂದು ಎಚ್ಚರ ವಹಿಸಬೇಕು: ನರ್ಸರಿಯಲ್ಲಿ ನೀರಿನ ಮೇಲೆ ಬೆಳೆಸಿದ ಗಿಡಕ್ಕೆ ಕೀಟನಾಶಕ ಹೊಡೆದಿರಬಹುದು, ಮೀನು ತಾಳುವ ಅಂಶವೂ ಸೀಗಡಿಯನ್ನು ಕೊಲ್ಲುತ್ತದೆ. ಗಿಡ ನೆಟ್ಟು ವಾರಗಳ ಕಾಲ ನೀರು ಬದಲಿಸಿದ ಮೇಲಷ್ಟೇ ಸೀಗಡಿ.

ನೀರು ತುಂಬುವ ಮುನ್ನ ನಲ್ಲಿಯ ನೀರನ್ನು ಪರೀಕ್ಷಿಸಿ ಬರೆದಿಟ್ಟುಕೊಂಡೆ: ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.4, ಕಾರ್ಬೊನೇಟ್ ಗಡಸುತನ (ಆಮ್ಲವನ್ನು ತಡೆಯುವ ಕ್ಷಾರ ಶಕ್ತಿ) 4 ಡಿಗ್ರಿ, ಅಮೋನಿಯಾ ಸೊನ್ನೆ. ಈ ಸಾಲು ಬರೆಯದೆ ಬಿಟ್ಟಿದ್ದರೆ 27ನೆಯ ದಿನದ ಕಗ್ಗಂಟು ಬಿಡುತ್ತಿರಲಿಲ್ಲ. ನಲ್ಲಿ ನೀರಿಗೆ ಬರೀ ಕ್ಲೋರಿನ್ ಹಾಕಿದ್ದರೆ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ. ಕ್ಲೋರಮೈನ್ ಹಾಕಿದ್ದರೆ ಹೋಗುವುದಿಲ್ಲ. ಯಾವುದು ಎಂದು ಗೊತ್ತಿಲ್ಲದಿದ್ದರೆ ಪ್ರತಿ ಸಲವೂ ಕ್ಲೋರಿನ್ ನಿವಾರಕ ಬಳಸಿ. ಮರಳಿನ ಮೇಲೆ ಒಂದು ತಟ್ಟೆಯಿಟ್ಟು ಅದರ ಮೇಲೆ ನಿಧಾನವಾಗಿ ಸುರಿದರೆ ಗುಂಡಿ ಬೀಳುವುದಿಲ್ಲ, ನೆಟ್ಟ ಗಿಡ ಏಳುವುದಿಲ್ಲ.

ಮಾರನೆಯ ದಿನ ಅಮೋನಿಯಾ ಹಾಕಿದೆ. ಮೀನಿಲ್ಲದ ತೊಟ್ಟಿಗೆ ಅಮೋನಿಯಾ ಏಕೆ ಎಂದರೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೋಸ್ಪೈರಾ ಮುಂತಾದವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಗಿಡಕ್ಕೆ ಆಹಾರ. ಅಮೋನಿಯಂ ಕ್ಲೋರೈಡ್ ಪುಡಿ 0.3 ಗ್ರಾಂ ಹಾಕಿದರೆ 50 ಲೀಟರಿನಲ್ಲಿ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಅಮೋನಿಯಾ ಆಗುತ್ತದೆ. 0.3 ಗ್ರಾಂ ತೂಗುವುದು ಕಷ್ಟ, ಹಾಗಾಗಿ 3 ಗ್ರಾಂ ಪುಡಿಯನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ ಬಾಟಲಿಗೆ ಹೆಸರು ಬರೆದಿಟ್ಟೆ, 10 ಮಿ.ಲೀ. ಸಿರಿಂಜಿನಲ್ಲಿ ಒಂದು ಸಲಕ್ಕೆ ಬೇಕಾದಷ್ಟು ಬರುತ್ತದೆ. ಹೆಚ್ಚು ಹಾಕಿದರೆ ಬೇಗ ಮುಗಿಯುತ್ತದೆ ಎಂಬ ನಂಬಿಕೆ ತಪ್ಪು. 5 ಪಿಪಿಎಂ ದಾಟಿದರೆ ಆ ಬ್ಯಾಕ್ಟೀರಿಯಾಗಳೇ ಕುಗ್ಗುತ್ತವೆ, ಪಾಚಿ ಕೆರಳುತ್ತದೆ.

ಎರಡನೆಯ ದಿನ ನೀರು ಹಾಲು ಬೆರೆಸಿದಂತೆ ಮಬ್ಬಾಯಿತು. ಇದು ಬೇರೆ ಜಾತಿಯ, ನೀರಿನಲ್ಲಿ ತೇಲಿಕೊಂಡಿರುವ ಬ್ಯಾಕ್ಟೀರಿಯಾಗಳ ಗುಂಪು. ಮೂರು ದಿನದಲ್ಲಿ ತಾನಾಗಿ ತಿಳಿಯಾಯಿತು. ಐದನೆಯ ದಿನ ಮರದ ಮೇಲೆಲ್ಲ ಬಿಳಿ ಲೋಳೆ. ಅದನ್ನೂ ಮುಟ್ಟಬೇಕಿಲ್ಲ, ನೋಡಲು ಹೇಸಿಗೆ ಎನಿಸಿದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೀರೆಳೆಯುವ ಕೊಳವೆಯಾದ ಸೈಫನ್‌ನಲ್ಲಿ ಎಳೆದುಬಿಡಿ.

ಎಂಟನೆಯ ದಿನ ಎದೆ ಒಡೆಯುವ ದಿನ. ಕ್ರಿಪ್ಟೋಕೊರೈನ್ ಆರೂ ಗಿಡದ ಎಲೆಗಳು ಗಾಜಿನಂತಾಗಿ, ಮುಟ್ಟಿದರೆ ಲೋಳೆಯಾಗಿ ಬಿದ್ದವು. ವ್ಯಾಲಿಸ್ನೇರಿಯಾದ ಅರ್ಧ ಎಲೆಗಳು ಹೋದವು. ಹೈಗ್ರೋಫಿಲಾದ ಕೆಳಗಿನ ಎಲೆಗಳು ಉದುರಿದವು. ಕಾರಣ ರೋಗವಲ್ಲ. ಮಾರಾಟದ ಬಹುಪಾಲು ಗಿಡಗಳನ್ನು ಬೇರು ಮಾತ್ರ ನೀರಿನಲ್ಲಿ, ಎಲೆ ಗಾಳಿಯಲ್ಲಿ ಇಟ್ಟು ಬೆಳೆಸುತ್ತಾರೆ. ಗಾಳಿಗೆ ಹೊಂದಿದ ಎಲೆ ನೀರಿನೊಳಗೆ ಕೆಲಸ ಮಾಡಲಾರದು. ಗಿಡ ಅದನ್ನು ಬಿಟ್ಟುಕೊಟ್ಟು ತೆಳುವಾದ ಹೊಸ ಎಲೆ ಹುಟ್ಟಿಸುತ್ತದೆ. ಕ್ರಿಪ್ಟೋಕೊರೈನ್ ಅಂತೂ ಜಾಗ ಬದಲಿಸಿದರೂ, ನೀರು ಬದಲಾದರೂ ಎಲೆ ಕಳಚುತ್ತದೆ. ಬುಡ ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಗಿಡ ಬದುಕಿದೆ, ಕೀಳಬೇಡಿ, ಜಾಗ ಬದಲಿಸಬೇಡಿ. ಇಲ್ಲಿ 19ನೆಯ ದಿನ ಮೊದಲ ಕ್ರಿಪ್ಟೋಕೊರೈನ್ ಮೊಳಕೆ ಕಾಣಿಸಿತು, 30ರ ಹೊತ್ತಿಗೆ ಆರರಲ್ಲಿ ಐದು ಚಿಗುರಿದ್ದವು.

ಕೊಳೆತ ಎಲೆಯನ್ನು ಮಾತ್ರ ದಿನವೂ ತೆಗೆಯಲೇಬೇಕು. ಈ ತೊಂದರೆ ಅಕ್ವೇರಿಯಂನಷ್ಟೇ ಹಳೆಯದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರ ಸುಮಾರಿಗೆ ಗಿಡ ಮತ್ತು ಮೀನು ಒಂದನ್ನೊಂದು ಸಾಕುತ್ತವೆಯೇ ಎಂದು ನೋಡಲು ಗೋಲ್ಡ್‌ಫಿಶ್ ಜೊತೆ ಇದೇ ವ್ಯಾಲಿಸ್ನೇರಿಯಾ ನೆಟ್ಟಾಗ, ಅವರ ಪ್ರಯೋಗವನ್ನು ಕೆಡಿಸಲು ಹೊರಟದ್ದು ಕೊಳೆಯುವ ಎಲೆಗಳೇ. ಅವರು ಬಸವನಹುಳು ಬಿಟ್ಟು ಅದನ್ನು ಸರಿಪಡಿಸಿದರು. ತೊಟ್ಟಿಯಲ್ಲಿ ನಾಲ್ಕು ಬಸವನಹುಳು ಕಂಡರೆ ಔಷಧಕ್ಕೆ ಓಡಬೇಡಿ, ಅವು ಸತ್ತ ಎಲೆಯನ್ನೇ ತಿನ್ನುತ್ತವೆ. ನಾಲ್ಕು ನಲವತ್ತಾದರೆ ನೀವು ಆಹಾರ ಹೆಚ್ಚು ಹಾಕುತ್ತಿದ್ದೀರಿ ಎಂದು ಅರ್ಥ. ಬಸವನಹುಳು ಕೊಲ್ಲುವ ತಾಮ್ರದ ಔಷಧ ಸೀಗಡಿಯನ್ನೂ ಕೊಲ್ಲುತ್ತದೆ.

ಹನ್ನೊಂದನೆಯ ದಿನ ಅಮೋನಿಯಾ 1ಕ್ಕೆ ಇಳಿದು ನೈಟ್ರೈಟ್ ಮೊದಲ ಸಲ ಕಂಡಿತು. ಅಮೋನಿಯಾ ಪೂರ್ತಿ ಕರಗಿದಾಗಲೆಲ್ಲ ಮತ್ತೆ 2 ಪಿಪಿಎಂ ಹಾಕುತ್ತ ಹೋದೆ, 27ನೆಯ ದಿನದೊಳಗೆ ಒಟ್ಟು ನಾಲ್ಕು ಸಲ. 16ನೆಯ ದಿನಕ್ಕೆ ಗಾಜು, ಮರಳು, ಅನೂಬಿಯಾಸ್ ಎಲೆ ಎಲ್ಲದರ ಮೇಲೂ ಕಂದು ಧೂಳು. ಇದು ಡಯಾಟಮ್, ಸಿಲಿಕಾ ಬಳಸಿ ಚಿಪ್ಪು ಕಟ್ಟಿಕೊಳ್ಳುವ ಸೂಕ್ಷ್ಮಜೀವಿ. ಹೊಸ ತೊಟ್ಟಿಗೆ ಬಂದೇ ಬರುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಗಾಜು ಒರೆಸಿ, ಎಲೆಗಳನ್ನು ಬೆರಳಲ್ಲಿ ಸವರಿದರೆ ಸಾಕು.

19ನೆಯ ದಿನ ನೈಟ್ರೈಟ್ ಕಿಟ್ಟಿನ ಕೊನೆಯ ಬಣ್ಣವನ್ನೂ ಮೀರಿತು. ಆಮೇಲೆ ಎಂಟು ದಿನ ಅದೇ ಕಡು ನೇರಳೆ. ಇಂಥ ಹೊತ್ತಿನಲ್ಲಿ ಒಂದು ಪಾಲು ತೊಟ್ಟಿಯ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ ಪರೀಕ್ಷಿಸಿ, ಬಂದದ್ದನ್ನು ಐದರಿಂದ ಗುಣಿಸಬೇಕು. ಇಲ್ಲದಿದ್ದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತೇ ಆಗುವುದಿಲ್ಲ. ಹಾಗೆ ನೋಡಿದರೂ ಅಂಕಿ ಕದಲಲಿಲ್ಲ. ಹೆಚ್ಚಿನವರು ತಾಳ್ಮೆ ಕಳೆದುಕೊಂಡು ಮೀನು ಬಿಡುವುದು, ಇಲ್ಲವೇ ಎಲ್ಲ ಸುರಿದು ಮೊದಲಿನಿಂದ ತೊಳೆಯುವುದು ಇಲ್ಲಿಯೇ.

27ನೆಯ ದಿನ ಕಾರ್ಬೊನೇಟ್ ಗಡಸುತನ ಅಳೆದಾಗ ಗಂಟು ಬಿಚ್ಚಿತು. 4 ಡಿಗ್ರಿ ಇದ್ದದ್ದು 1ಕ್ಕೆ ಬಂದಿತ್ತು, ಪಿಎಚ್ 6.2. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಅಮೋನಿಯಾದಲ್ಲಿರುವ ಪ್ರತಿ ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು ಕ್ಷಾರ ಖರ್ಚಾಗುತ್ತದೆ. ನಾಲ್ಕು ಸಲ ಹಾಕಿದ 8 ಪಿಪಿಎಂ ಅಮೋನಿಯಾ ಪೂರ್ತಿ ನೈಟ್ರೇಟ್ ಆದರೆ ಎರಡೂವರೆ ಡಿಗ್ರಿಗಿಂತ ಹೆಚ್ಚು ಖಾಲಿ. ನೀರು ಆಮ್ಲೀಯವಾಗಿ ಪಿಎಚ್ 6ರತ್ತ ಇಳಿಯುತ್ತ ಹೋದಂತೆ ಈ ಬ್ಯಾಕ್ಟೀರಿಯಾಗಳ ಕೆಲಸ ತೀರ ನಿಧಾನವಾಗುತ್ತದೆ. ಅರ್ಧ ನೀರು ಬದಲಿಸಿದೆ. 50 ಲೀಟರಿಗೆ 1.5 ಗ್ರಾಂ ಅಡುಗೆ ಸೋಡಾ ಹಾಕಿದರೆ ಒಂದು ಡಿಗ್ರಿ ಏರುತ್ತದೆ; 3 ಗ್ರಾಂ ಹಾಕಿ ನಾಲ್ಕೂವರೆಗೆ ತಂದೆ. ಅಲ್ಲಿಂದ ಐದನೆಯ ದಿನಕ್ಕೆ ನೈಟ್ರೈಟ್ ಇಳಿಯತೊಡಗಿತು, 36ನೆಯ ದಿನಕ್ಕೆ ಸೊನ್ನೆ. ಒಂದು ಎಚ್ಚರಿಕೆ: ಮೀನಿರುವ ತೊಟ್ಟಿಗೆ ಹೀಗೆ ಒಮ್ಮೆಲೇ ಸೋಡಾ ಸುರಿಯಬಾರದು, ಪಿಎಚ್ ಏರಿದಾಗ ನೀರಿನಲ್ಲಿರುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ 0.6ರಷ್ಟು; ಪಿಎಚ್ 8 ಆದರೆ ಶೇಕಡಾ 5ಕ್ಕೂ ಹೆಚ್ಚು.

39ನೆಯ ದಿನ ಕೊನೆಯ ಪರೀಕ್ಷೆ. ಸಂಜೆ 2 ಪಿಪಿಎಂ ಅಮೋನಿಯಾ ಹಾಕಿ, 24 ಗಂಟೆ ಬಿಟ್ಟು ನೋಡಿದರೆ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ. ತೊಟ್ಟಿ ಸಿದ್ಧವಾಗಿದೆ ಎಂದು ಹೇಳಲು ಇದೊಂದೇ ಆಧಾರ. ನೀರು ತಿಳಿಯಾಗಿದೆ, ಇಷ್ಟು ದಿನವಾಯಿತು ಎಂಬುದು ಆಧಾರವಲ್ಲ. ನೈಟ್ರೇಟ್ 20 ಮತ್ತು 40ರ ನಡುವೆ ಇತ್ತು. ನೈಟ್ರೇಟ್ ಕಿಟ್ಟಿನ ಎರಡನೆಯ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಲೇಬೇಕು. ಒಳಗಿನ ಪುಡಿ ತಳಕ್ಕೆ ಇಳಿದಿರುತ್ತದೆ, ಕುಲುಕದಿದ್ದರೆ ಸೊನ್ನೆ ಎಂದು ಸುಳ್ಳು ಹೇಳುತ್ತದೆ. ಶೇಕಡಾ 60ರಷ್ಟು ನೀರು ಬದಲಿಸಿದೆ. 30 ಇದ್ದರೆ 12ಕ್ಕೆ ಬರುತ್ತದೆ, ಗಿಡಕ್ಕೆ ಅಷ್ಟು ಬೇಕು, ಪೂರ್ತಿ ತೆಗೆಯಬಾರದು.

41ನೆಯ ದಿನ ಐದು ರಾಸ್ಬೋರಾ. ಮುಚ್ಚಿದ ಚೀಲವನ್ನು 20 ನಿಮಿಷ ತೊಟ್ಟಿಯಲ್ಲಿ ತೇಲಬಿಟ್ಟು ಶಾಖ ಸಮ ಮಾಡಿಕೊಳ್ಳಬೇಕು. ಚೀಲ ಒಡೆದ ಮೇಲೆ ಮಾತ್ರ ಕಾಲ ಎಳೆಯಬಾರದು. ದಾರಿಯುದ್ದಕ್ಕೂ ಮೀನು ಬಿಟ್ಟ ಉಸಿರಿನಿಂದ ಚೀಲದ ನೀರಿನ ಪಿಎಚ್ ಇಳಿದಿರುತ್ತದೆ, ಅಮೋನಿಯಾ ಅಪಾಯವಿಲ್ಲದ ರೂಪದಲ್ಲಿರುತ್ತದೆ. ಗಾಳಿ ಸೇರಿದೊಡನೆ ಕಾರ್ಬನ್ ಡೈಆಕ್ಸೈಡ್ ಹೊರಟು ಪಿಎಚ್ ಏರಿ, ಅದೇ ಅಮೋನಿಯಾ ವಿಷವಾಗುತ್ತದೆ. ತೊಟ್ಟಿಯ ನೀರು ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಬೆರೆಸಿ, ಹತ್ತು ಹದಿನೈದು ನಿಮಿಷದೊಳಗೆ ಮೀನನ್ನು ಬಲೆಯಲ್ಲಿ ಎತ್ತಿ ಬಿಟ್ಟುಬಿಡಿ. ಚೀಲದ ನೀರು ತೊಟ್ಟಿಗೆ ಬೀಳಬಾರದು. ಆ ದಿನ ಲೈಟು ಆರಿಸಿ, ಆಹಾರ ಬೇಡ. ಉಳಿದ ಮೂರು ಮೀನು ಬಂದದ್ದು ಎರಡು ವಾರ ಕಳೆದು, ಬ್ಯಾಕ್ಟೀರಿಯಾ ಹೊಸ ಹೊರೆಗೆ ಹೊಂದಿಕೊಂಡ ಮೇಲೆ. ಆಹಾರ ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರದಲ್ಲಿ ಒಂದು ದಿನ ಉಪವಾಸ.

ಮೀನು ಬಂದ ಖುಷಿಗೆ 43ನೆಯ ದಿನ ಲೈಟನ್ನು ಆರು ಗಂಟೆಯಿಂದ ಒಂಬತ್ತಕ್ಕೆ ಏರಿಸಿದ್ದೇ ಈ 71 ದಿನಗಳ ದೊಡ್ಡ ತಪ್ಪು. ಏಳೇ ದಿನದಲ್ಲಿ ಹೈಗ್ರೋಫಿಲಾ ತುದಿಗಳಿಗೆ ಹಸಿರು ಕೂದಲಿನಂಥ ಪಾಚಿ ಸುತ್ತಿಕೊಂಡಿತು. ಬ್ರಷ್ಷಿಗೆ ಸುತ್ತಿ ಕೈಯಿಂದ ಎಳೆದು, ಲೈಟನ್ನು ಮತ್ತೆ ಆರಕ್ಕೆ ಇಳಿಸಿ, ತೇಲುವ ಹಾರ್ನ್‌ವರ್ಟ್ ಹೆಚ್ಚಿಸಿದೆ. ಎರಡು ವಾರ ಬೇಕಾಯಿತು. ಲೈಟನ್ನು ಹೆಚ್ಚಿಸುವುದಿದ್ದರೆ ಎರಡು ವಾರಕ್ಕೆ ಅರ್ಧ ಗಂಟೆ, ಎಂಟು ಗಂಟೆಗಿಂತ ಮೇಲೆ ಬೇಡ. ಎಲೆಯಂಚಿಗೆ ಕಪ್ಪು ಕುಚ್ಚಿನಂತೆ ಹತ್ತುವ ಪಾಚಿ ಕೈಗೆ ಬರುವುದಿಲ್ಲ. ಅದು ಬಂದ ಎಲೆ ಕತ್ತರಿಸಿ, ಮರದ ಮೇಲಿದ್ದರೆ ಫಿಲ್ಟರ್ ಆರಿಸಿ, ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡನ್ನು ಸಿರಿಂಜಿನಿಂದ ನೇರ ಅದರ ಮೇಲೆ ಬಿಡಿ. 50 ಲೀಟರಿಗೆ ಒಟ್ಟು 15 ಮಿ.ಲೀ. ಮೀರಬಾರದು. ಹತ್ತು ನಿಮಿಷದ ಮೇಲೆ ಫಿಲ್ಟರ್ ಹಾಕಿ. ನೀಲಿಹಸಿರು ಪದರ ಹಾಳೆಯಂತೆ ಎದ್ದು ಕೆಟ್ಟ ವಾಸನೆ ಬಂದರೆ ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಸೈಫನ್‌ನಲ್ಲಿ ಎಳೆದು, ಮೂರು ದಿನ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿಡಬೇಕು.

55ನೆಯ ದಿನ ಹೈಗ್ರೋಫಿಲಾದ ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು, ಸುತ್ತ ಹಳದಿ. ಎಲೆಯ ರೋಗ ಓದುವಾಗ ಮೊದಲು ನೋಡಬೇಕಾದ್ದು ತೊಂದರೆ ಹಳೆಯ ಎಲೆಯಲ್ಲೋ ಹೊಸ ಎಲೆಯಲ್ಲೋ ಎಂಬುದು. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡಬಲ್ಲದು, ಹಾಗಾಗಿ ಅವುಗಳ ಕೊರತೆ ಹಳೆಯ ಎಲೆಯಲ್ಲಿ ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹಾಗೆ ಸಾಗುವುದಿಲ್ಲ. ಹೊಸ ಎಲೆ ಬಿಳಿಚಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ, ಹೊಸ ಎಲೆ ಮುರುಟಿ ಹುಟ್ಟಿದರೆ ಕ್ಯಾಲ್ಸಿಯಂ. ತೂತು ಪೊಟ್ಯಾಸಿಯಂನದು. ಪೊಟ್ಯಾಸಿಯಂ ನೈಟ್ರೇಟ್ 1 ಗ್ರಾಂ 50 ಲೀಟರಿಗೆ ಸುಮಾರು 7.7 ಪಿಪಿಎಂ ಪೊಟ್ಯಾಸಿಯಂ, 12 ಪಿಪಿಎಂ ನೈಟ್ರೇಟ್ ಕೊಡುತ್ತದೆ. ವಾರಕ್ಕೆ ಎರಡು ಸಲ ಅರ್ಧರ್ಧ ಗ್ರಾಂ, ಜೊತೆಗೆ ಸೂಕ್ಷ್ಮ ಪೋಷಕಾಂಶದ ದ್ರಾವಣವನ್ನು ಬಾಟಲಿಯಲ್ಲಿ ಬರೆದದ್ದರ ಅರ್ಧ ಪ್ರಮಾಣದಲ್ಲಿ ಹಾಕತೊಡಗಿದೆ. ತೂತಾದ ಎಲೆ ಮತ್ತೆ ಕೂಡಿಕೊಳ್ಳುವುದಿಲ್ಲ, ಮುಂದೆ ಬರುವ ಎಲೆಗಳನ್ನು ನೋಡಿ ತೀರ್ಮಾನಿಸಬೇಕು.

ಈಗ ವಾರದ ಕೆಲಸ ಮುಕ್ಕಾಲು ಗಂಟೆ. ಮೊದಲು ಹೀಟರ್ ಆರಿಸಿ ಹತ್ತು ನಿಮಿಷ ಬಿಡುತ್ತೇನೆ, ಬಿಸಿಯಿದ್ದ ಹೀಟರ್ ನೀರಿನಿಂದ ಹೊರಗುಳಿದರೆ ಗಾಜು ಸೀಳುತ್ತದೆ. 15 ಲೀಟರ್ ನೀರು ತೆಗೆದು, ಫಿಲ್ಟರಿನ ಸ್ಪಾಂಜನ್ನು ತಿಂಗಳಿಗೊಮ್ಮೆ ಆ ತೆಗೆದ ನೀರಿನಲ್ಲೇ ಹಿಂಡುವುದು. ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ ತಗುಲಿ ನಲವತ್ತು ದಿನ ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತದೆ. ಹೊಸ ನೀರು ಎರಡು ಡಿಗ್ರಿಗಿಂತ ಹೆಚ್ಚು ತಣ್ಣಗಿರಬಾರದು. ಹೈಗ್ರೋಫಿಲಾ ಮೇಲೆ ಮುಟ್ಟಿದಾಗ ಅರ್ಧಕ್ಕೆ ಕತ್ತರಿಸಿ, ತುದಿಯನ್ನು ಮರಳಿಗೆ ನೆಡುವುದು. ಉಳಿದ ಬುಡ ಎರಡು ಕವಲೊಡೆಯುತ್ತದೆ.

64ನೆಯ ದಿನ ಹತ್ತು ಚೆರ್ರಿ ಸೀಗಡಿ ಬಂದವು. ಇವಕ್ಕೆ ಮೀನಿನ ಕ್ರಮ ಸಾಲದು. ಗಾಳಿಕೊಳವೆಗೆ ಸಡಿಲ ಗಂಟು ಹಾಕಿ, ಸೆಕೆಂಡಿಗೆ ಒಂದೆರಡು ಹನಿಯಂತೆ ತೊಟ್ಟಿಯ ನೀರನ್ನು ಅವುಗಳಿದ್ದ ಪಾತ್ರೆಗೆ ಒಂದೂವರೆ ಗಂಟೆ ಇಳಿಸಿದೆ. ಮೂರನೆಯ ದಿನ ಒಂದು ಖಾಲಿ ಚಿಪ್ಪು ಮರಳಿನ ಮೇಲೆ ಬಿದ್ದಿತ್ತು. ಅದು ಸತ್ತ ಸೀಗಡಿಯಲ್ಲ, ಕಳಚಿದ ಪೊರೆ. ಬೆನ್ನಿನ ಬಳಿ ಸೀಳಿ, ಒಳಗೆ ಪಾರದರ್ಶಕವಾಗಿರುತ್ತದೆ. ಸತ್ತದ್ದಾದರೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ತಕ್ಷಣ ತೆಗೆಯಿರಿ. ಪೊರೆಯನ್ನು ಬಿಟ್ಟರೆ ಸೀಗಡಿಗಳೇ ತಿಂದು ಮುಗಿಸುತ್ತವೆ.